ಪೀಠಿಕೆ ಹಾಳೆ, ಎರಡು ರೂಪಾಯಿ: ಹತ್ತನೇ ತರಗತಿಯ ಕನ್ನಡ ಉತ್ತರವನ್ನು ಹೇಗೆ ಆರಂಭಿಸಬೇಕು?

ಪ್ರಶ್ನೆ: ಝೆರಾಕ್ಸ್ ಅಂಗಡಿ, ಗಂಗಾವತಿ

ಎಲ್ಲರಿಗೂ ನಮಸ್ಕಾರ. ಗಂಗಾವತಿಯಲ್ಲಿ ನನ್ನದೊಂದು ಸಣ್ಣ ಝೆರಾಕ್ಸ್ ಅಂಗಡಿ. ವರ್ಷವಿಡೀ ಪಹಣಿ, ಆಧಾರ್, ಜಾತಿ ಪ್ರಮಾಣಪತ್ರ, ಪಾಸ್‌ಬುಕ್ಕಿನ ಮೊದಲ ಪುಟ. ಜನವರಿ ದಾಟಿತೆಂದರೆ ಗಿರಾಕಿಗಳೇ ಬೇರೆ. ಸಮವಸ್ತ್ರದ ಮಕ್ಕಳು ಗುಂಪು ಕಟ್ಟಿಕೊಂಡು ಬಂದು "ಅಂಕಲ್, ಪೀಠಿಕೆ ಹಾಳೆ ಕೊಡಿ" ಎನ್ನುತ್ತಾರೆ. ಮೂರು ವರ್ಷದ ಹಿಂದೆ ಒಬ್ಬ ಹುಡುಗ ಪ್ರತಿ ಮಾಡಿಸಿಕೊಂಡು ಮೂಲವನ್ನು ಗಾಜಿನ ಮೇಲೆಯೇ ಮರೆತು ಹೋಗಿದ್ದ. ಅದೇ ನನ್ನ ಬಂಡವಾಳ. ಯಾರು ಬರೆದದ್ದು, ಯಾವ ಊರಿನದು, ಯಾರಿಗೂ ಗೊತ್ತಿಲ್ಲ. ಒಂದು ಹಾಳೆಗೆ ಎರಡು ರೂಪಾಯಿ.

ಅದರಲ್ಲಿ ಇರುವುದು ಹೀಗೆ: "ಕನ್ನಡ ಸಾಹಿತ್ಯ ಲೋಕದಲ್ಲಿ ಅಗ್ರಗಣ್ಯರಾದ ………… ಅವರು ತಮ್ಮ ಅಮೂಲ್ಯ ಕೃತಿಯಾದ ………… ದಲ್ಲಿ ಮಾನವೀಯ ಮೌಲ್ಯಗಳನ್ನು ಮನೋಜ್ಞವಾಗಿ ಚಿತ್ರಿಸಿದ್ದಾರೆ." ಇಂಥವು ಗದ್ಯಕ್ಕೆ ನಾಲ್ಕು, ಪದ್ಯಕ್ಕೆ ನಾಲ್ಕು, ಕೊನೆಗೆ ಮುಕ್ತಾಯದ ಎರಡು. ಚುಕ್ಕಿ ಇರುವ ಕಡೆ ಹೆಸರು ತುಂಬಿದರೆ ಆಯಿತು.

ಈಗ ನನ್ನ ಮಗಳೇ ಹತ್ತನೇ ತರಗತಿ. ಮೊನ್ನೆ ಪೂರ್ವಸಿದ್ಧತಾ ಪರೀಕ್ಷೆಯ ಉತ್ತರ ಪತ್ರಿಕೆ ತಂದಳು. "ಕೃಷ್ಣನ ಆಮಿಷಕ್ಕೆ ಕರ್ಣ ಒಪ್ಪದಿರಲು ಕಾರಣವೇನು?" ಎಂಬ ನಾಲ್ಕು ಅಂಕದ ಪ್ರಶ್ನೆಗೆ ಒಂದೂವರೆ ಬಂದಿದೆ. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ "ಪೀಠಿಕೆ ಸಾಕು, ಉತ್ತರ ಎಲ್ಲಿ?" ಎಂದು ಬರೆದಿದ್ದಾರೆ. ನಾನು ಸಾಲು ಎಣಿಸಿದೆ. ಒಟ್ಟು ಹದಿನಾಲ್ಕು ಸಾಲು. ಆರು ಪೀಠಿಕೆ, ಮೂರು ಮುಕ್ತಾಯ. ಕರ್ಣನ ಪಾಲಿಗೆ ಉಳಿದದ್ದು ಐದು.

ಇನ್ನೊಂದು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಅವಳು "ಮನೋಜವಾಗಿ ಚಿತ್ರಿಸಿದ್ದಾರೆ" ಎಂದು ಬರೆದಿದ್ದಳು, ಅದಕ್ಕೂ ಕೆಂಪು ಸುತ್ತು. ಮನೆಯಲ್ಲಿ ಬೈದೆ. ಅವಳು ಒಳಗಿನಿಂದ ಹಾಳೆ ತಂದು ಮುಂದಿಟ್ಟಳು. ನೋಡಿದರೆ ಪ್ರತಿಯ ಪ್ರತಿಯ ಪ್ರತಿಯಾಗಿ ಒತ್ತಕ್ಷರಗಳೇ ಮಾಸಿ ಹೋಗಿವೆ. ಜ್ಞ ಎಂಬುದು ಜ ಆಗಿದೆ. ತಪ್ಪು ಮಗಳದಲ್ಲ, ನನ್ನ ಟೋನರಿನದು.

ಈ ಪೀಠಿಕೆ ಎಂಬುದು ಬೇಕೋ ಬೇಡವೋ? ಬೇಕೆಂದರೆ ಎಷ್ಟು ಸಾಲು? ಮೌಲ್ಯಮಾಪನ ಮಾಡಿದ ಅನುಭವ ಇರುವವರು ದಯವಿಟ್ಟು ತಿಳಿಸಿ. ನಾನು ಓದಿದ್ದು ಪಿಯುಸಿ ತನಕ, ಅದೂ ವಾಣಿಜ್ಯ.

ಉತ್ತರ 1: ನಿವೃತ್ತ ಕನ್ನಡ ಶಿಕ್ಷಕ, ಮಾನ್ವಿ

ಅಂಗಡಿಯವರೇ, ಮೊದಲು "ಮನೋಜವಾಗಿ"ಯ ಲೆಕ್ಕ ಚುಕ್ತಾ ಮಾಡೋಣ. ನನಗೂ ಆ ಪದ ಸಿಕ್ಕಿದೆ. ಮೌಲ್ಯಮಾಪನಕ್ಕೆ ಕುಳಿತಿದ್ದಾಗ ಒಂದೇ ಕಟ್ಟಿನಲ್ಲಿ ಮೂರ್ನಾಲ್ಕು ಮಕ್ಕಳು ಹಾಗೆಯೇ ಬರೆದಿದ್ದರು. ಪಕ್ಕದವರು ಇದು ನಕಲು ಎಂದರು, ನಾನು ಅಲ್ಲ, ಬಾಯಿಪಾಠ ಎಂದೆ. ಬಾಯಿಪಾಠವಾದರೆ ಎಲ್ಲರ ತಪ್ಪೂ ಒಂದೇ ಹೇಗೆ ಎಂದು ಅವರು ಕೇಳಿದಾಗ ನನ್ನ ಹತ್ತಿರ ಉತ್ತರವಿರಲಿಲ್ಲ. ಅದು ನಿಮ್ಮ ಅಂಗಡಿಯದೇ ಎಂದು ನಾನು ಹೇಳುವುದಿಲ್ಲ. ಆ ಹಾಳೆ ಊರೂರು ಸುತ್ತಿ ಸವೆದಿರಬೇಕು. ಅದೇ ಕಟ್ಟಿನಲ್ಲಿ ಇನ್ನೊಬ್ಬ ಪುಣ್ಯಾತ್ಮ ಚುಕ್ಕಿಗಳನ್ನೂ ಹಾಗೆಯೇ ಇಳಿಸಿದ್ದ. "ಅಗ್ರಗಣ್ಯರಾದ ಚುಕ್ಕಿ ಚುಕ್ಕಿ ಅವರು."

ಈಗ ವಿಷಯಕ್ಕೆ ಬರುತ್ತೇನೆ. ಮೌಲ್ಯಮಾಪಕನ ಮುಂದೆ ಮಾದರಿ ಉತ್ತರ ಇರುತ್ತದೆ. ಈ ಪ್ರಶ್ನೆಗೆ ಇಂತಿಂಥ ಅಂಶಗಳು ಬಂದಿರಬೇಕು, ಇಷ್ಟಕ್ಕೆ ಇಷ್ಟು ಅಂಕ. ಅವನ ಕಣ್ಣು ಆ ಅಂಶಗಳನ್ನೇ ಹುಡುಕುತ್ತಾ ಇಳಿಯುತ್ತದೆ. "ಕನ್ನಡ ಸಾಹಿತ್ಯ ಲೋಕದಲ್ಲಿ" ಎಂದು ಕಂಡ ಕೂಡಲೇ ಕೈ ತಾನಾಗಿಯೇ ಮುಂದಿನ ಸಾಲಿಗೆ ಹೋಗುತ್ತದೆ. ಅಂಕ ಕಳೆಯುವುದಿಲ್ಲ, ಕೊಡುವುದೂ ಇಲ್ಲ. ಮಗು ಮಾತ್ರ ಆ ಆರು ಸಾಲಿಗೆ ಐದು ನಿಮಿಷ ಕೊಟ್ಟಿರುತ್ತದೆ.

ಈ ಗೊಂದಲ ಹುಟ್ಟಿದ್ದು ಎಲ್ಲಿ ಎಂದರೆ ಪ್ರಬಂಧದ ಪ್ರಶ್ನೆಯಲ್ಲಿ. ಪತ್ರಿಕೆಯ ಕೊನೆಗೆ ಗ್ರಂಥಾಲಯದ ಮಹತ್ವ, ಪರಿಸರ ಮಾಲಿನ್ಯ ಎಂದು ಕೇಳುತ್ತಾರಲ್ಲ, ಅಲ್ಲಿ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಮೂರು ಭಾಗಗಳಿಗೂ ಅಂಕ ಹಂಚಿರುತ್ತಾರೆ. ಅಲ್ಲಿ ಪೀಠಿಕೆ ಬರೆಯದಿದ್ದರೆ ನಷ್ಟ. ಮಕ್ಕಳು ಆ ಅಚ್ಚನ್ನೇ ಎತ್ತಿಕೊಂಡು ಬಂದು ಪಾಠದ ಮೇಲಿನ "ಎಂಟು-ಹತ್ತು ವಾಕ್ಯಗಳಲ್ಲಿ ಉತ್ತರಿಸಿ" ಎಂಬ ಪ್ರಶ್ನೆಗೂ ಒತ್ತುತ್ತಾರೆ. ಹತ್ತು ವಾಕ್ಯ ಕೇಳಿದ ಕಡೆ ನಾಲ್ಕು ವಾಕ್ಯದ ಪೀಠಿಕೆ ಎಂದರೆ ಗೇಣುದ್ದದ ಮನೆಗೆ ಮಾರುದ್ದದ ಪಡಸಾಲೆ ಕಟ್ಟಿದ ಹಾಗೆ.

ಹಾಗಾದರೆ ಆರಂಭವೇ ಬೇಡವೇ? ಬೇಕು. ಆದರೆ ಆ ಆರಂಭದಲ್ಲಿ ಉತ್ತರ ಇರಬೇಕು. ನಿಮ್ಮ ಮಗಳ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಅವಳು ಕುಮಾರವ್ಯಾಸನ ಆ ಪದ್ಯದ ಪುಟ ತೆಗೆದು ನೋಡಲಿ. ಕೃಷ್ಣ ಕರ್ಣನನ್ನು ಒಬ್ಬಂಟಿಯಾಗಿ ಕೂರಿಸಿಕೊಂಡು, ನೀನು ಕುಂತಿಯ ಮೊದಲ ಮಗ, ಪಾಂಡವರೈವರೂ ನಿನ್ನ ತಮ್ಮಂದಿರು, ರಾಜ್ಯ ನಿನ್ನದೇ ಎನ್ನುತ್ತಾನೆ. ಮುಂದೆ ಏನಾಗುತ್ತದೆ? ಕರ್ಣನ ಕೊರಳಿನ ನರಗಳು ಉಬ್ಬುತ್ತವೆ, ಕಣ್ಣೀರು ಉಕ್ಕುತ್ತದೆ. ಆಗ ಅವನ ಮನಸ್ಸಿಗೆ ಬರುವ ಮೊದಲ ಮಾತು ಯಾವುದು? ಅಯ್ಯೋ ನನ್ನ ತಾಯಿ ಎಂದಲ್ಲ, ಅಯ್ಯೋ ನನ್ನ ಬಾಳು ಎಂದೂ ಅಲ್ಲ. ಕೌರವನಿಗೆ ಕೇಡಾಯಿತಲ್ಲ ಎಂದು. ಇಡೀ ಪ್ರಶ್ನೆಗೆ ಉತ್ತರ ಅಲ್ಲಿದೆ. ಇಪ್ಪತ್ತೊಂಬತ್ತು ವರ್ಷ ಪಾಠ ಮಾಡಿದ್ದೇನೆ, ಆ ಷಟ್ಪದಿ ಬಂದಾಗಲೆಲ್ಲ ಓದುವುದನ್ನು ಒಂದು ಗಳಿಗೆ ನಿಲ್ಲಿಸುತ್ತಿದ್ದೆ. ಹಿಂದಿನ ಬೆಂಚಿನವರೂ ಸುಮ್ಮನಾಗುತ್ತಿದ್ದರು. ಈಗ ಅದೇ ಮಕ್ಕಳು ಪರೀಕ್ಷೆಗೆ ಕುಳಿತು "ಮಾನವೀಯ ಮೌಲ್ಯಗಳನ್ನು ಮನೋಜ್ಞವಾಗಿ" ಎಂದು ಬರೆದರೆ ಹೊಟ್ಟೆ ಉರಿಯದೆ ಇರುತ್ತದೆಯೇ?

ನಾನಾದರೆ ಹೀಗೆ ಆರಂಭಿಸುತ್ತೇನೆ:

"ತನ್ನ ಹುಟ್ಟಿನ ಗುಟ್ಟು ತಿಳಿದ ಗಳಿಗೆಯಲ್ಲಿ ಕರ್ಣ ಕಣ್ಣೀರು ಹಾಕುತ್ತಾನೆ, ಆದರೆ ಅದು ತನಗಾಗಿ ಅಲ್ಲ, ಕೌರವನಿಗೆ ಒದಗಿದ ಕೇಡಿಗಾಗಿ. ಕುಮಾರವ್ಯಾಸನ ಕರ್ಣ ರಾಜ್ಯವನ್ನು ನಿರಾಕರಿಸುವುದು ಒಡೆಯನ ಋಣ ತನ್ನ ರಕ್ತಸಂಬಂಧಕ್ಕಿಂತ ದೊಡ್ಡದೆಂದು ಬಗೆದು."

ಎರಡು ವಾಕ್ಯ, ಮುಗಿಯಿತು. ಕವಿಯ ಹೆಸರು ಬಂತು, ಸಂದರ್ಭ ಬಂತು, ಉತ್ತರ ಬಂತು. ಮುಂದಿನ ಆರು ವಾಕ್ಯಗಳಲ್ಲಿ ಇದಕ್ಕೆ ಆಧಾರ ಕೊಡುತ್ತಾ ಹೋಗುವುದು. ಕೃಷ್ಣ ಒಡ್ಡಿದ ಆಮಿಷ ಎಂಥದ್ದು, ನಾಳಿನ ಯುದ್ಧ ಮಾರಿಗೆ ಔತಣ ಎಂದು ಕರ್ಣ ಹೇಳುವುದು, ಒಡೆಯನ ಋಣ ತೀರಿಸಿ ಪ್ರಾಣ ಬಿಡುತ್ತೇನೆ, ಆದರೆ ನಿನ್ನ ಐವರನ್ನು ನೋಯಿಸುವುದಿಲ್ಲ ಎಂದು ಸೂರ್ಯನ ಆಣೆ ಇಡುವುದು. ಆಣೆಯನ್ನು ಬಿಟ್ಟವರೇ ಹೆಚ್ಚು, ಬರೆದ ಮಗುವಿನ ಉತ್ತರ ಅಲ್ಲಿಯೇ ಎದ್ದು ಕಾಣುತ್ತದೆ.

ಕವಿಯ ಕಾಲ, ಹುಟ್ಟೂರು ಕೋಳಿವಾಡ, ಬಿರುದು, ಕೃತಿ, ಇವೆಲ್ಲ ಇಲ್ಲಿ ಬೇಡ. ಕವಿ ಪರಿಚಯ ಎಂದು ಮೂರು ಅಂಕಕ್ಕೆ ಬೇರೆಯೇ ಪ್ರಶ್ನೆ ಇದೆ. ಒಂದೇ ಸರಕಿಗೆ ಎರಡು ಸಲ ಬಾಡಿಗೆ ಯಾರೂ ಕೊಡುವುದಿಲ್ಲ.

ಮಗಳಿಗೆ ಒಂದು ಪರೀಕ್ಷೆ ಹೇಳಿಕೊಡಿ. ಬರೆದ ಆರಂಭವನ್ನು ಎತ್ತಿ ಇನ್ನೊಂದು ಪಾಠದ ಉತ್ತರಕ್ಕೆ ಅಂಟಿಸಿ ನೋಡಲಿ. ಅಲ್ಲಿಯೂ ಹೊಂದಿಕೊಂಡರೆ ಅದು ಪೀಠಿಕೆಯಲ್ಲ, ನಿಮ್ಮ ಎರಡು ರೂಪಾಯಿಯ ಹಾಳೆ. ಮೇಲಿನ ಎರಡು ವಾಕ್ಯಗಳನ್ನು ಶಬರಿಯ ಪಾಠಕ್ಕೆ ಅಂಟಿಸಲು ಆಗುವುದಿಲ್ಲ ನೋಡಿ.

ಪ್ರಶ್ನೆಯ ಕೊನೆಯ ಪದವನ್ನೂ ನೋಡಬೇಕು. "ಕಾರಣವೇನು" ಎಂದರೆ ಮೊದಲ ವಾಕ್ಯದಲ್ಲಿಯೇ ಕಾರಣ ಇರಲಿ. "ಸಮರ್ಥಿಸಿ" ಎಂದರೆ ಯಾವ ಕಡೆ ನಿಂತಿದ್ದೇನೆ ಎಂದು ಹೇಳಿಯೇ ಹೊರಡಬೇಕು. "ಚಿತ್ರಣವನ್ನು ವಿವರಿಸಿ" ಎಂದರೆ ದೃಶ್ಯದಿಂದ. ಪ್ರಶ್ನೆಪತ್ರಿಕೆ ಓದಲು ಕೊಡುವ 15 ನಿಮಿಷ ಇರುವುದೇ ಇದಕ್ಕೆ. ಆಗ ಬರೆಯಲು ಬಿಡುವುದಿಲ್ಲ, ನಾಲ್ಕು ಅಂಕದ ಪ್ರಶ್ನೆಗಳಿಗೆ ಒಂದೊಂದು ವಾಕ್ಯದ ಉತ್ತರವನ್ನು ಮನಸ್ಸಿನಲ್ಲೇ ಹೇಳಿಕೊಳ್ಳಬಹುದು. ಆ ವಾಕ್ಯವೇ ನಿಮ್ಮ ಆರಂಭ. ಪೀಠಿಕೆಗೆ ನಾಲ್ಕು ಸಾಲು ಖಾಲಿ ಬಿಟ್ಟು ಆಮೇಲೆ ತುಂಬುತ್ತೇನೆ ಎನ್ನುವ ಮಕ್ಕಳೂ ಇದ್ದಾರೆ. ಆ ನಾಲ್ಕು ಸಾಲು ಖಾಲಿಯಾಗಿಯೇ ನನ್ನ ಕೈಗೆ ಬರುತ್ತಿದ್ದವು.

ಉತ್ತರ 2: ಪ್ರೌಢಶಾಲೆ ಶಿಕ್ಷಕಿ, ಲಿಂಗಸುಗೂರು ತಾಲ್ಲೂಕು

ಗುರುಗಳಿಗೆ ನಮಸ್ಕಾರ. ನಿಮ್ಮ ಎರಡು ವಾಕ್ಯ ಓದಿ ಖುಷಿಯಾಯಿತು, ನಾಳೆ ತರಗತಿಯಲ್ಲಿ ಹೇಳುತ್ತೇನೆ. ಆದರೆ ಪೂರ್ತಿ ಒಪ್ಪಲಾರೆ.

ನನ್ನ ತರಗತಿಯಲ್ಲಿ ಮೂವತ್ತೆಂಟು ಮಕ್ಕಳು. ಹದಿನೈದು ಮಕ್ಕಳು ತಾಂಡಾದವರು, ಮನೆಯಲ್ಲಿ ಲಂಬಾಣಿ. ದೀಪಾವಳಿ ಮುಗಿಯುತ್ತಲೇ ತಂದೆತಾಯಿ ಬೆಂಗಳೂರಿಗೆ ಗುಳೆ ಹೋಗುತ್ತಾರೆ, ಮಕ್ಕಳು ಅಜ್ಜಿಯ ಹತ್ತಿರ. ಕೆಲವರು ತಾವೂ ಹೋಗಿ ಎರಡು ತಿಂಗಳು ಇಟ್ಟಿಗೆ ಹೊತ್ತು ಬರುತ್ತಾರೆ. ಇವರಿಗೆ ಕರ್ಣ ಅರ್ಥವಾಗುವುದಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಜಗಳ ಮಾಡುತ್ತೇನೆ. ಉಂಡ ಮನೆಯ ಋಣ ಎಂದರೆ ಏನೆಂದು ನನಗಿಂತ ಚೆನ್ನಾಗಿ ಬಲ್ಲರು. ಬಾಯಿಬಿಟ್ಟು ಹೇಳು ಎಂದರೆ ಹೇಳುತ್ತಾರೆ. ಖಾಲಿ ಹಾಳೆ ಕಂಡರೆ ಮಾತ್ರ ಕೈ ನಿಂತುಬಿಡುತ್ತದೆ. ಮೊದಲ ವಾಕ್ಯ ಹುಟ್ಟುವುದಿಲ್ಲ. ಅಂಥ ಮಗುವಿಗೆ ಆ ಎರಡು ರೂಪಾಯಿಯ ಹಾಳೆ ಹಳ್ಳ ದಾಟಲು ಸಿಕ್ಕ ಕೋಲು. ಅದನ್ನು ಕಸಿದುಕೊಂಡು "ದೃಶ್ಯದಿಂದ ಆರಂಭಿಸು" ಎಂದರೆ ಮಗು ದಡದಲ್ಲಿಯೇ ಕೂತುಬಿಡುತ್ತದೆ.

ನಾನು ಕೋಲು ಕಸಿಯುವುದಿಲ್ಲ, ಬದಲಿಸುತ್ತೇನೆ. ಪ್ರಶ್ನೆಯನ್ನೇ ತಿರುಗಿಸಿ ಮೊದಲ ವಾಕ್ಯ ಮಾಡುವುದನ್ನು ಜೂನ್ ತಿಂಗಳಿನಿಂದ ಕಲಿಸುತ್ತೇನೆ. "ಹಲಗಲಿಯ ಬೇಡರು ದಂಗೆ ಏಳಲು ಕಾರಣವೇನು?" ಎಂದು ಪ್ರಶ್ನೆ ಇದ್ದರೆ "ಕಾರಣವೇನು" ಎಂಬುದನ್ನು ಅಳಿಸು, ಅಲ್ಲಿ ಕಾರಣವನ್ನೇ ಇಡು. "ಹಲಗಲಿಯ ಬೇಡರು ದಂಗೆ ಎದ್ದದ್ದು ತಮ್ಮ ಕೈಯಲ್ಲಿದ್ದ ಆಯುಧಗಳನ್ನು ಬ್ರಿಟಿಷ್ ಸರ್ಕಾರ ಕಿತ್ತುಕೊಳ್ಳಲು ಹೊರಟಿದ್ದರಿಂದ." ಇದು ಅಲಂಕಾರವಿಲ್ಲದ ವಾಕ್ಯ, ನಿಜ. ಆದರೆ 1857ರ ಆಯುಧ ಕಾಯಿದೆಯ ಅಂಶ ಮೊದಲ ಸಾಲಿನಲ್ಲಿಯೇ ಬಂತು. ಗುರುಗಳ ಮೌಲ್ಯಮಾಪಕ ಅಲ್ಲಿಯೇ ಒಂದು ಗುರುತು ಹಾಕಬೇಕಾಯಿತು. ಬರೆದ ಮಗುವಿಗೆ ಮುಂದಿನ ದಾರಿಯೂ ಕಾಣುತ್ತದೆ: ಕಿತ್ತುಕೊಂಡಾಗ ಏನಾಯಿತು, ಯಾರು ಎದ್ದರು, ಕೊನೆಗೆ ಊರು ಏನಾಯಿತು.

ಕಳೆದ ವರ್ಷ ಒಬ್ಬಳು ಹುಡುಗಿ ವರ್ಷದ ಆರಂಭದಲ್ಲಿ ನಾಲ್ಕು ಅಂಕದ ಪ್ರಶ್ನೆಗಳನ್ನು ಮುಟ್ಟುತ್ತಲೇ ಇರಲಿಲ್ಲ. ಈ ತಿರುಗಿಸುವ ಆಟ ಕಲಿತ ಮೇಲೆ ಪ್ರತಿಯೊಂದಕ್ಕೂ ಒಂದು ವಾಕ್ಯವನ್ನಾದರೂ ಬರೆಯತೊಡಗಿದಳು, ಆಮೇಲೆ ಮೂರು, ಆಮೇಲೆ ಆರು. ಅವಳ ಅಜ್ಜಿ ಫಲಿತಾಂಶದ ದಿನ ಶಾಲೆಗೆ ಒಂದು ಡಬ್ಬಿ ಕರ್ಚಿಕಾಯಿ ತಂದಿದ್ದರು. ಇದನ್ನು ಹೇಳಬೇಕಾಗಿರಲಿಲ್ಲ, ಆದರೂ ಹೇಳಿದೆ.

ಉತ್ತರ 3: ಮೊದಲ ಪಿಯುಸಿ, ಬಳ್ಳಾರಿ

ನಾನು ಕಳೆದ ವರ್ಷ ಹತ್ತನೇ ತರಗತಿ ಬರೆದವನು. ಕನ್ನಡದಲ್ಲಿ ಅಂಕ ಕಡಿಮೆ ಬಂತೆಂದು ಹಣ ಕಟ್ಟಿ ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿದ್ದೆ. ಮರುಮೌಲ್ಯಮಾಪನಕ್ಕೆ ಹಾಕಬೇಕೆಂಬ ಹಟ. ಅಪ್ಪನ ಮೊಬೈಲಿನಲ್ಲಿ ಪುಟ ತೆರೆದು ಒಂದೊಂದನ್ನೇ ದೊಡ್ಡದು ಮಾಡಿ ನೋಡಿದೆವು. ನಾಲ್ಕು ಅಂಕದ ಪ್ರತಿಯೊಂದು ಉತ್ತರದಲ್ಲಿಯೂ ಮೊದಲ ಏಳೆಂಟು ಸಾಲು ಸ್ವಚ್ಛ. ಒಂದು ಗೀಟೂ ಇಲ್ಲ. ಗುರುತುಗಳೆಲ್ಲ ಅದರ ಕೆಳಗೆ. ಕೊನೆಯ ಪ್ರಶ್ನೆಗೆ ಬರುವ ಹೊತ್ತಿಗೆ ಸಮಯ ಮುಗಿದು ಪತ್ರ ಲೇಖನವನ್ನು ಅರ್ಧಕ್ಕೆ ಬಿಟ್ಟಿದ್ದೆ. "ಇಂತಿ ತಮ್ಮ ವಿಶ್ವಾಸಿ" ಬರೆಯಲೂ ಆಗಿರಲಿಲ್ಲ.

ಅಪ್ಪ ಏನೂ ಬೈಯಲಿಲ್ಲ. "ಇದರಲ್ಲಿ ಮರುಎಣಿಕೆ ಮಾಡಲು ಏನಿದೆ?" ಎಂದು ಕೇಳಿ ಮೊಬೈಲ್ ಜೇಬಿಗೆ ಹಾಕಿಕೊಂಡರು.

ನನ್ನ ಅನುಭವದಿಂದ ಒಂದು ಮಾತು: ಬಳ್ಳಾರಿಯ ಮಾರ್ಚ್ ಬಿಸಿಲಿನಲ್ಲಿ ಹನ್ನೆರಡು ಗಂಟೆ ದಾಟಿದ ಮೇಲೆ ಕೈ ಬೆವರಿ ಪೆನ್ನು ಜಾರುತ್ತದೆ. ಬರೆಯುವ ವೇಗ ಬೆಳಿಗ್ಗೆಯಷ್ಟು ಇರುವುದಿಲ್ಲ. ಆದ್ದರಿಂದ ಸಾಲು ಉಳಿಸಬೇಕಾದದ್ದು ಮೊದಲ ಗಂಟೆಯಲ್ಲಿಯೇ.

ಉತ್ತರ 4: ನಿವೃತ್ತ ಕನ್ನಡ ಶಿಕ್ಷಕ, ಮಾನ್ವಿ

ತಾಯಿ, ಲಿಂಗಸುಗೂರಿನ ಶಿಕ್ಷಕಿಯವರೇ, ಸೋತೆ. ನಾನು ಮನಸ್ಸಿನಲ್ಲಿ ಮುಂದಿನ ಬೆಂಚಿನವರನ್ನು ಇಟ್ಟುಕೊಂಡು ಬರೆದೆ. ಪ್ರಶ್ನೆಯನ್ನು ತಿರುಗಿಸುವುದು ಎಲ್ಲರಿಗೂ ಎಟುಕುವ ದಾರಿ, ಅದೇ ಮೊದಲ ಮೆಟ್ಟಿಲಾಗಲಿ. ಅದು ಕೈಗೆ ಬಂದ ಮಗು ತಾನಾಗಿಯೇ ಕರ್ಣನ ಕಣ್ಣೀರಿಗೆ ಹೋಗುತ್ತದೆ.

ಒಂದು ಎಚ್ಚರಿಕೆ ಮಾತ್ರ. ತಿರುಗಿಸಿದ ವಾಕ್ಯದಲ್ಲಿ ಕಾರಣ ಇಡುವುದನ್ನು ಮರೆತು "ಕರ್ಣ ಒಪ್ಪದಿರಲು ಅನೇಕ ಕಾರಣಗಳಿವೆ" ಎಂದು ನಿಲ್ಲಿಸುವವರಿದ್ದಾರೆ. ಆ "ಅನೇಕ" ಎಂಬುದು ಚುಕ್ಕಿಗಳ ತಮ್ಮ.

ಮೂರು ಅಂಕದ ಸಂದರ್ಭದ ಪ್ರಶ್ನೆಗೂ ಮಕ್ಕಳು ಪೀಠಿಕೆ ಹಾಕುವುದುಂಟು. ಅಲ್ಲಿ ಆಯ್ಕೆ (ಮಾತು ಯಾವ ಪಾಠದ್ದು), ಸಂದರ್ಭ, ಸ್ವಾರಸ್ಯ, ತಲಾ ಒಂದು ಅಂಕ. ನಾಲ್ಕನೆಯದಕ್ಕೆ ಜಾಗವೇ ಇಲ್ಲ.

ಬಳ್ಳಾರಿಯ ತಮ್ಮನಿಗೆ: ನಿನ್ನ ತಂದೆಯವರಿಗೆ ನನ್ನ ನಮಸ್ಕಾರ ತಿಳಿಸು.

ಪ್ರಶ್ನೆ ಕೇಳಿದವರಿಂದ: ಝೆರಾಕ್ಸ್ ಅಂಗಡಿ, ಗಂಗಾವತಿ

ಎಲ್ಲರಿಗೂ ಧನ್ಯವಾದ. ನಾಲ್ಕು ದಿನ ತಡವಾಗಿ ಬರೆಯುತ್ತಿದ್ದೇನೆ, ಭತ್ತದ ಬೆಂಬಲ ಬೆಲೆಯ ಅರ್ಜಿಗಳ ಗಲಾಟೆ.

ನಿಮ್ಮ ಉತ್ತರಗಳನ್ನು ಮಗಳಿಗೆ ಓದಲು ಕೊಟ್ಟೆ. ಗುರುಗಳ ಎರಡು ವಾಕ್ಯಗಳನ್ನು ಅವಳು ಅಲ್ಲಿಯೇ ನೋಟ್ ಪುಸ್ತಕಕ್ಕೆ ಇಳಿಸಿಕೊಂಡು ಬಾಯಿಪಾಠ ಮಾಡಲು ಕುಳಿತಳು! ಇದೂ ಹಾಳೆಯೇ ಆಯಿತಲ್ಲ ಎಂದು ನಾನು ಪುಸ್ತಕ ಮುಚ್ಚಿಸಿದೆ. ಸಿಟ್ಟಾಗಿ ಊಟ ಬಿಟ್ಟು ಮಲಗಿದಳು. ಮರುದಿನ ಬೆಳಿಗ್ಗೆ ತಾನೇ ಬರೆದು ತಂದದ್ದು ಇದು:

"ಕೃಷ್ಣ ಕೊಡುತ್ತೇನೆ ಎಂದದ್ದು ಕರ್ಣನಿಗೆ ಹುಟ್ಟಿನಿಂದ ಸಲ್ಲಬೇಕಾದದ್ದೇ. ಆದರೆ ಯಾರೂ ತನ್ನನ್ನು ಕೇಳದಿದ್ದ ಕಾಲದಲ್ಲಿ ಕೈ ಹಿಡಿದವನು ಕೌರವ, ಆದ್ದರಿಂದ ಕರ್ಣ ಅದನ್ನು ಒಪ್ಪುವುದಿಲ್ಲ."

ನನಗೆ ಇದು ಸರಿಯೋ ತಪ್ಪೋ ತಿಳಿಯದು. ಅವಳ ಅವ್ವ ಮಾತ್ರ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಎರಡು ಸಲ ಓದಿಸಿಕೊಂಡಳು.

ಅಂಗಡಿಯ ವಿಷಯ: ಹಾಳೆಯನ್ನು ನಿಲ್ಲಿಸಿಲ್ಲ. ನಾನು ಕೊಡದಿದ್ದರೆ ಎದುರಿನ ಅಂಗಡಿಯವನು ಕೊಡುತ್ತಾನೆ, ಅವನ ಯಂತ್ರ ನನ್ನದಕ್ಕಿಂತ ಹಳೆಯದು. "ಮನೋಜ್ಞ"ದ ಒತ್ತಕ್ಷರವನ್ನು ಕಪ್ಪು ಪೆನ್ನಿನಲ್ಲಿ ತಿದ್ದಿದ್ದೇನೆ. ಲಿಂಗಸುಗೂರಿನ ಟೀಚರ್ ಹೇಳಿದ ತಿರುಗಿಸುವ ವಿಧಾನವನ್ನು ಅದೇ ಹಾಳೆಯ ಹಿಂಬದಿಗೆ ಟೈಪ್ ಮಾಡಿ ಹಾಕುತ್ತಿದ್ದೇನೆ, ಅದಕ್ಕೆ ಬೇರೆ ಹಣವಿಲ್ಲ. ತಿರುಗಿಸಿ ನೋಡುವವರು ಕಡಿಮೆ.

ಗುರುಗಳೇ, ಕೊನೆಯದಾಗಿ ಒಂದು. ಕರ್ಣನ ಆ ಪದ್ಯದ ಛಂದಸ್ಸು ಭಾಮಿನಿ ಷಟ್ಪದಿ ಎಂಬುದನ್ನು ಉತ್ತರದಲ್ಲಿ ಎಲ್ಲಿಯಾದರೂ ಸೇರಿಸಲೇಬೇಕೆಂದು ಮಗಳ ಹಟ. ಎಲ್ಲಿ ಹಾಕಬೇಕು?

ಉತ್ತರ 5: ನಿವೃತ್ತ ಕನ್ನಡ ಶಿಕ್ಷಕ, ಮಾನ್ವಿ

ಎಲ್ಲಿಯೂ ಬೇಡ. ಲಘು-ಗುರು ಗುರುತಿಸಿ ಪ್ರಸ್ತಾರ ಹಾಕುವ ಪ್ರಶ್ನೆ ಬೇರೆ ಇದೆ, ಅಲ್ಲಿ ಬರೆಯಲಿ.

"ಯಾರೂ ತನ್ನನ್ನು ಕೇಳದಿದ್ದ ಕಾಲದಲ್ಲಿ" ಎಂಬುದನ್ನು ಮುಟ್ಟಬೇಡ ಎಂದು ಹೇಳಿ.